ಬೊಳ್ಳುವಿನ ಉತ್ತರಯಾತ್ರೆ

ಈ ಕತೆಯನ್ನು ನನ್ನ ಕಿವಿಗೆ ಮೊದಲು ಹಾಕಿದವರು ಹಸನಬ್ಬನವರು. ದುಬೈಗೂ ದಕ್ಷಿಣಕ್ಕಿರುವ ಬನಿಯಾಸ್‌ನಲ್ಲಿ ನಾವಿರುವ ವಿಲ್ಲಾದ ಹಿಂದಿನ ಬೀದಿಯಲ್ಲಿ ಅವರದೊಂದು ಟಯರ್ ಅಂಗಡಿ. ಅವರ ಊರು ಉಪ್ಪಿನಂಗಡಿ ಕಡೆ, ನನ್ನದು ಉಡುಪಿ ಕಡೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಸಂಜೆ ಚಹಾ ಕುಡಿಯುತ್ತ ಅವರು ಹೇಳಿದ್ದು ಇಷ್ಟೇ. ಈ ದೇಶದ ಉತ್ತರದ ತುತ್ತತುದಿಯಲ್ಲಿ, ರಾಸ್ ಅಲ್ ಖೈಮಾದ ಗುಡ್ಡದ ಮೇಲೆ, ಚಳಿಗಾಲದ ಕೆಲವು ಬೆಳಗ್ಗೆ ಬಾಲ್ದಿಯ ನೀರು ಹೆಪ್ಪುಗಟ್ಟುತ್ತದೆ. ಅಲ್ಲೊಂದು ತೋಟವಿದೆ. ಅದನ್ನು ನೋಡಿಕೊಳ್ಳುವವರು ಅವರ ಸೋದರಮಾವ. ಬಾಗಿಲಿಗೆ ಬಂದ ಯಾವ ಪ್ರಾಣಿಯನ್ನೂ ಆ ಮಾಮ ಈ ತನಕ ವಾಪಸು ಕಳಿಸಿದವರಲ್ಲ.

ಮರಳುಗಾಡಿನಲ್ಲಿ ಮಂಜುಗಡ್ಡೆಯೇ ಎಂದು ನಾನು ನಕ್ಕಿದ್ದೆ. ಆದರೆ ಗೃಹಸ್ಥನ ಬಾಳಿನಲ್ಲಿ ನಗೆಯ ಪ್ರಸಂಗಗಳು ಕರೆದರೆ ಬರುವುದಿಲ್ಲ. ನಾವು ಬಹಳ ಗಂಭೀರವಾಗಿ ಏನನ್ನಾದರೂ ಮಾಡಲು ಹೊರಟಾಗಲೆಲ್ಲ ಅವು ಹಿಂದಿನಿಂದ ಬಂದು ಕೈ ಹಿಡಿಯುತ್ತವೆ. ನಮ್ಮ ಮನೆಯಲ್ಲಂತೂ ಇದು ನಡೆಯುತ್ತಲೇ ಇರುತ್ತದೆ.

೧. ಹೊಸ್ತಿಲಿನ ತಪಸ್ವಿ

ನಮ್ಮ ಆಫೀಸಿನ ಮೇಡಂ ಒಬ್ಬರ ಕೆಲಸ ಹೋಯಿತು, ವೀಸಾ ಕ್ಯಾನ್ಸಲ್ ಆಯಿತು. ಅವರ ಬಳಿ ಒಂದು ನಾಯಿ ಇತ್ತು. ಹಿಮದ ದೇಶದ ಜಾತಿ. ಹಾಲಿನಂಥ ಮೈ, ಆಕಾಶದ ಬಣ್ಣದ ಕಣ್ಣು. ಸ್ವಲ್ಪ ದಿನ ಇಟ್ಟುಕೊಳ್ಳಿ, ನನ್ನ ದೇಶದಲ್ಲಿ ಮನೆ ಸಿಕ್ಕಿದ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ಅತ್ತರು. ಅಳುವವರ ಮುಂದೆ ಇಲ್ಲವೆನ್ನುವ ಅಭ್ಯಾಸ ನನಗಿಲ್ಲ. ಆಮೇಲೆ, ಸಿಕ್ಕಿದ ಮನೆಯಲ್ಲಿ ನಾಯಿಗೆ ಜಾಗವಿಲ್ಲವೆಂದು ಅವರು ಅಲ್ಲಿಂದಲೂ ಅತ್ತರು.

ನನ್ನ ಹೆಂಡತಿ ಒಂದೇ ಮಾತು ಹೇಳಿದಳು. ದೇವರ ಕೋಣೆ ಇರುವ ಮನೆಯೊಳಗೆ ನಾಯಿ ಬರುವ ಕ್ರಮ ನಮ್ಮಲ್ಲಿಲ್ಲ. ಹೊಸ್ತಿಲು ದಾಟಬಾರದು. ಹೆಸರಿಟ್ಟು ಕರೆಯಲೂಬಾರದು, ಹೆಸರಿಟ್ಟರೆ ಋಣ ಬೀಳುತ್ತದೆ.

ಹಾಗೆ ಅದು ಅಂಗಳದಲ್ಲಿ ಉಳಿಯಿತು. ಸೆಪ್ಟೆಂಬರಿನ ಸೆಕೆ. ನಮ್ಮ ಏಸಿಯ ತಂಪು ಬಾಗಿಲ ಕೆಳಗಿನ ಸಂದಿಯಿಂದ ಎಳೆಯಾಗಿ ಹೊರಗೆ ಹರಿಯುತ್ತದೆಂದು ಅದು ಮೊದಲ ದಿನವೇ ಕಂಡುಕೊಂಡಿತು. ಆ ಸಂದಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ದಿನವಿಡೀ ಮಲಗುತ್ತಿತ್ತು. ಕನಸಿನಲ್ಲಿ ಕಾಲಾಡಿಸುತ್ತಿತ್ತು, ತಾನು ಕಂಡೇ ಇರದ ಯಾವುದೋ ಬಿಳಿಯ ಬಯಲಿನಲ್ಲಿ ಓಡುತ್ತಿತ್ತೋ ಏನೋ.

ಒಂದು ದಿನ ಆಫೀಸಿನಿಂದ ಬಂದಾಗ ನೋಡಿದೆ. ಬಾಗಿಲು ಅರ್ಧ ತೆರೆದಿದೆ. ನಾಯಿಯ ಮೈಯೆಲ್ಲ ಹೊರಗೆ, ಮೂಗು ಮಾತ್ರ ಹೊಸ್ತಿಲಿನ ಒಳಗೆ. ಪಕ್ಕದಲ್ಲಿ ಮೊಸರನ್ನದ ಬಟ್ಟಲು. ಕ್ರಮ ತಪ್ಪಿತಲ್ಲ ಎಂದೆ. ಅವಳು ಬತ್ತಿ ಹೊಸೆಯುತ್ತ ತಲೆ ಎತ್ತದೆ ತೀರ್ಪು ಕೊಟ್ಟಳು:

"ಮೂಗು ಬಂದರೆ ಬಂದ ಲೆಕ್ಕ ಅಲ್ಲ."

೨. ಮಂಜಿನಲ್ಲಿ ಸಿಕ್ಕಿದ ಹೆಸರು

ಆದರೆ ಮುಂದಿನ ಬೇಸಗೆಯ ಚಿಂತೆ ನನ್ನನ್ನು ಬಿಡಲಿಲ್ಲ. ಸೆಪ್ಟೆಂಬರಿನಲ್ಲೇ ಹೀಗಾದರೆ ಜುಲೈಯಲ್ಲಿ ಅಂಗಳದ ಇಂಟರ್‌ಲಾಕ್ ಕಲ್ಲುಹಾಸು ಕಾದ ಕಾವಲಿಯಾಗುತ್ತದೆ. ಆ ಜೀವ ಉಳಿಯುವುದಿಲ್ಲ. ಮನೆಯೊಳಗೆ ಜಾಗವಿಲ್ಲ, ಹೊರಗೆ ಬದುಕಿಲ್ಲ. ಆಗ ಹಸನಬ್ಬನವರ ಕತೆ ನೆನಪಾಯಿತು. ಚಳಿಗಾಲ ಮುಗಿಯುವ ಮೊದಲು ಅದನ್ನು ಮಾಮನ ತೋಟಕ್ಕೆ ಮುಟ್ಟಿಸುವುದೆಂದು ಜನವರಿಯಲ್ಲಿ ರಜೆ ಹಾಕಿದೆ. ಹಸನಬ್ಬನವರು ತಮ್ಮ ಹಳೇ ಪಿಕಪ್ಪಿಗೆ ಟೆಂಟು, ಸ್ಟವ್ವು, ಚಾಪೆ ಏರಿಸಿದರು. ಅವಸರದಲ್ಲಿ ಹೋದರೆ ಅರ್ಧ ದಿನದ ದಾರಿ. ಅವರ ನಮಾಜು, ನನ್ನ ಸಂಧ್ಯಾವಂದನೆ, ನಾಯಿಯ ಅಡ್ಡಾಟ, ಗಾಡಿಯ ಪ್ರಾಯ, ಎಲ್ಲ ಸೇರಿದರೆ ಎಷ್ಟಾಗುತ್ತದೆಂದು ಯಾರೂ ಹೇಳುವಂತಿರಲಿಲ್ಲ. ನಿಜ ಹೇಳಬೇಕೆಂದರೆ, ತಲುಪುವ ಅವಸರ ಯಾರಿಗೂ ಇರಲಿಲ್ಲ.

ಹೊರಡುವಾಗ ಹೆಂಡತಿ ಮಾಮನಿಗೆಂದು ಒಂದು ಸ್ಟೀಲಿನ ಡಬ್ಬದಲ್ಲಿ ರವೆ ಉಂಡೆ ತುಂಬಿಸಿ ಕೊಟ್ಟಳು. ಮುಚ್ಚಳದ ಮೇಲೆ ಅವಳ ತಾಯಿಯ ಹೆಸರು ಕೊರೆಸಿದ ಡಬ್ಬ ಅದು. ಉಂಡೆ ಕೊಟ್ಟು ಡಬ್ಬ ತರಬೇಕೆಂದು ಎಚ್ಚರಿಸಿದಳು. ಆಮೇಲೆ ಬಾಗಿಲಲ್ಲಿ ನಿಂತು, ನಮ್ಮವರು ಯಾರು ಹೊರಟರೂ ಹೇಳುವ ಮಾತನ್ನು ಎಲ್ಲರಿಗೂ ಒಟ್ಟಿಗೇ ಹೇಳಿದಳು. ನಮಗೆ "ಹೋಗಿ ಬನ್ನಿ." ನಾಯಿಗೆ "ಹೋಗಿ ಬಾ."

ದುಬೈ ದಾರಿಯಲ್ಲಿ ಮಂಜು. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಲೋಕವೇ ಇಲ್ಲ. ನಾಯಿ ಕಿಟಕಿಗೆ ಮುಖ ಒತ್ತಿ ಉಸಿರು ಹಿಡಿದು ನೋಡುತ್ತಿತ್ತು. ತನ್ನ ಊರು ಕೊನೆಗೂ ಬಂತೆಂದು ತಿಳಿದಿರಬೇಕು. ಪೆಟ್ರೋಲ್ ಬಂಕಿನಲ್ಲಿ ಬಾಗಿಲು ತೆಗೆದದ್ದೇ ತಡ, ಇಳಿದು ಬಿಳಿಯೊಳಗೆ ಬಿಳಿಯಾಗಿ ಕರಗಿಹೋಯಿತು.

ಕರೆಯೋಣವೆಂದರೆ ಹೆಸರಿಲ್ಲ. ಮೇಡಂ ಇಟ್ಟ ಹೆಸರು ನಮ್ಮ ನಾಲಿಗೆಗೆ ಹೊರಳದು. ಹಸನಬ್ಬನವರು ಗಟ್ಟಿ ಸ್ವರದಲ್ಲಿ, ಬನ್ನಿ ಹೊರಡೋಣ ಎನ್ನಲು ಇಲ್ಲಿಯವರು ಕೂಗುವ ಹಾಗೆ, ಯಲ್ಲಾ, ಯಲ್ಲಾ ಎಂದು ಕೂಗತೊಡಗಿದರು. ಮಂಜಿನಿಂದ ಚಹಾ ಕಪ್ಪು ಹಿಡಿದ ಒಬ್ಬರು ಬಂದು ನಮ್ಮ ಪಿಕಪ್ಪಿನ ಹಿಂದೆ ಹತ್ತಿ ಕುಳಿತರು. ಮತ್ತಿಬ್ಬರು ಬಂದರು. ಯಾವುದೋ ಕಂಪೆನಿಯ ಬಸ್ಸಿಗೆ ಕಾಯುತ್ತಿದ್ದವರು; ಕರೆದದ್ದು ತಮ್ಮ ಡ್ರೈವರ್ ಎಂದುಕೊಂಡಿದ್ದರು. ನಾಯಿಯೊಂದನ್ನು ಬಿಟ್ಟು ಉಳಿದವರೆಲ್ಲ ಬಂದರು.

ಅವರನ್ನು ಇಳಿಸಿ, ನಾನು ಮಂಜಿಗೆ ಮುಖ ಮಾಡಿ, ಊರಲ್ಲಿ ಬಿಳಿ ನಾಯಿಗೆಲ್ಲ ಇಡುವ ಹೆಸರನ್ನೇ ಕರೆದೆ. "ಬೊಳ್ಳೂ..." ಊಟಕ್ಕೆ ಕರೆದಾಗ ಬರುವ ಓಟದಲ್ಲಿ ಅದು ಬಂದು ನಿಂತಿತು.

ನನಗೆ ಅನುಮಾನ ಬಂತು. ಮನೆಗೆ ಫೋನು ಮಾಡಿ, ನಾಯಿಗೆ ಹೆಸರಿಟ್ಟವರು ಯಾರೆಂದು ಕೇಳಿದೆ. ಆಚೆಯಿಂದ ಒಗ್ಗರಣೆ ಸಿಡಿಯಿತು. ಆಮೇಲೆ ಉತ್ತರ:

"ಅದು ಹೆಸರಲ್ಲ. ಬಣ್ಣ."

೩. ಜನವರಿಯ ಏಸಿ

ದುಬೈಯ ಎತ್ತರದ ಕಟ್ಟಡಗಳ ತಲೆಗಳು ಮಾತ್ರ ಮಂಜಿನ ಮೇಲೆ ತೇಲುತ್ತಿದ್ದವು, ಯಾರೋ ಮರೆತುಹೋದ ದ್ವೀಪಗಳಂತೆ. ಬಿಸಿಲು ಬಿದ್ದ ಮೇಲೆ ಬೊಳ್ಳು ತೇಕತೊಡಗಿತು. ಹಸನಬ್ಬನವರು ಏಸಿ ಹಾಕಿದರು. ಹಿತವಾಯಿತು. ಕಡಿಮೆ ಮಾಡಿದರೆ ಬೊಳ್ಳು ಮುಖ ಎತ್ತಿ ತೋಳದಂತೆ ಊಳಿಟ್ಟಿತು. ಹೆಚ್ಚಿಸಿದರೆ ಸುಮ್ಮನಾಯಿತು. ಹೀಗೆ ಹೆಚ್ಚುತ್ತ ಹೆಚ್ಚುತ್ತ ಏಸಿ ಕೊನೆಯ ಗೆರೆಗೆ ಮುಟ್ಟಿತು.

ಜನವರಿ ತಿಂಗಳು, ಹೊರಗೇ ತಂಪು. ಒಳಗೆ ನಾನು ಶಾಲನ್ನು ತಲೆಗೆ ಸುತ್ತಿಕೊಂಡೆ. ಹಸನಬ್ಬನವರು ಟೆಂಟಿನ ಬಟ್ಟೆಯನ್ನೇ ಹೊದ್ದು, ಎರಡು ಕಣ್ಣು ಮಾತ್ರ ಹೊರಗಿಟ್ಟು ಗಾಡಿ ಓಡಿಸಿದರು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ನಮ್ಮನ್ನು ನೋಡಿದರು, ಹಿಂದಿನ ಸೀಟಿನಲ್ಲಿ ನಗುಮುಖದಿಂದ ಕುಳಿತ ಬೊಳ್ಳುವನ್ನು ನೋಡಿದರು, ಮತ್ತೆ ನಮ್ಮನ್ನು ನೋಡಿದರು. ಹಸನಬ್ಬನವರಿಗೆ ನಾಚಿಕೆಯಾಯಿತು. ಕಿಟಕಿ ಇಳಿಸಿ, ಕೇಳದಿದ್ದರೂ ವಿವರಣೆ ಕೊಟ್ಟರು:

"ನಾವು ಬಾಡಿಗೆಯವರು. ಯಜಮಾನರು ಹಿಂದೆ ಕೂತಿದ್ದಾರೆ."

೪. ರಾಗ

ಆ ಸಂಜೆ ದೈದ್ ಕಡೆಯ ಮರಳುದಿಬ್ಬಗಳ ನಡುವೆ ಟೆಂಟು ಹಾಕಿದೆವು. ಸೂರ್ಯ ಮುಳುಗುವಾಗ ಮರಳು ಕುಂಕುಮದ ಬಣ್ಣಕ್ಕೆ ತಿರುಗಿ, ಕ್ಷಣದಲ್ಲಿ ಬೂದಿಯಾಯಿತು. ಗಾಳಿ ದಿಬ್ಬದ ನೆತ್ತಿಯಿಂದ ಮರಳನ್ನು ಹೊಗೆಯಂತೆ ಎಬ್ಬಿಸುತ್ತಿತ್ತು. ನಮ್ಮ ಊರ ಶಾಲೆಯ ಗೋಡೆಯ ಭೂಪಟದಲ್ಲಿ ಉತ್ತರ ಮೇಲಿತ್ತು; ಹಾಗಾಗಿ ಉತ್ತರಕ್ಕೆ ಹೋಗುವುದೆಂದರೆ ಹತ್ತುವುದು ಎಂದೇ ನಾನು ಬಹಳ ಕಾಲ ನಂಬಿದ್ದೆ. ಆ ಸಂಜೆ ಮತ್ತೆ ಹಾಗೆಯೇ ಅನಿಸಿತು. ಲೋಕದಿಂದ ಮೇಲಕ್ಕೆ, ಸದ್ದಿಲ್ಲದ ಕಡೆಗೆ ಹತ್ತುತ್ತಿದ್ದೇವೆ.

ಹಸನಬ್ಬನವರು ಒಂದು ಬದಿಯಲ್ಲಿ ಚಾಪೆ ಹಾಸಿ ನಮಾಜಿಗೆ ನಿಂತರು. ಬೊಳ್ಳು ದೂರದಲ್ಲಿ ಮುಂಗಾಲಿನ ಮೇಲೆ ಗಲ್ಲ ಇಟ್ಟು ಉಸಿರೆತ್ತದೆ ಮಲಗಿತ್ತು. ಅವರದು ಮುಗಿದ ಮೇಲೆ ನಾನು ಜಪ ಮುಗಿಸಿ, ಮನೆಯಲ್ಲಿ ದಿನವೂ ಹೇಳುವ ಭಜನೆಯೊಂದನ್ನು ಎತ್ತಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಬೊಳ್ಳು ಎದ್ದು ಕುಳಿತು, ಆಕಾಶಕ್ಕೆ ಮುಖ ಮಾಡಿ ನನ್ನ ಜೊತೆ ಉದ್ದಕ್ಕೆ ಊಳಿಡತೊಡಗಿತು. ನಾನು ನಿಲ್ಲಿಸಿದರೆ ನಿಲ್ಲಿಸುತ್ತದೆ, ಎತ್ತಿದರೆ ಎತ್ತುತ್ತದೆ. ನನಗೆ ಕಣ್ಣು ತೇವವಾಯಿತು. ಇದು ಹಿಂದಿನ ಜನ್ಮದ ಭಕ್ತಿಯೇ ಸರಿ ಎಂದೆ.

ಹಸನಬ್ಬನವರು ಚಾಪೆ ಸುತ್ತುತ್ತ ಹೇಳಿದರು:

"ಭಕ್ತಿ ಇರಬಹುದು ಭಟ್ರೇ. ಆದರೆ ಅದು ಸ್ವರ ಸರಿಯಾಗಿ ಹಿಡಿಯುತ್ತದೆ. ನೀವು ಅದನ್ನು ನೋಡಿ ಹಾಡಿ."

೫. ಸಮುದ್ರಸ್ನಾನ

ಇನ್ನೊಂದು ವಿಷಯ ಹೇಳಬೇಕು. ನಾವಿಬ್ಬರೂ ಆ ನಾಯಿಯನ್ನು ಮುಟ್ಟದೆ ಕರೆದೊಯ್ಯುತ್ತಿದ್ದೆವು. ಮಡಿಯಲ್ಲಿರುವಾಗ ನಾಯಿ ತಾಗಿದರೆ ನನಗೆ ಸ್ನಾನ. ಅವರದು ಇನ್ನೊಂದು ಕ್ರಮ. ಒಣಗಿದ ನಾಯಿ ತಾಗಿದರೆ ಅಡ್ಡಿಯಿಲ್ಲವಂತೆ. ಒದ್ದೆ ನಾಯಿ ತಾಗಿದರೆ ತಾಗಿದ ಜಾಗವನ್ನು ಮತ್ತೆ ಮತ್ತೆ ತೊಳೆಯಬೇಕು, ಅದರಲ್ಲೊಂದು ಸಲ ಶುದ್ಧ ಮಣ್ಣು ಬೆರೆಸಿ. ಹಾಗಾಗಿ ಬೊಳ್ಳು ನೀರು ಕುಡಿದಾಗಲೆಲ್ಲ ಹಸನಬ್ಬನವರು ಅದರ ಗಡ್ಡ ಒಣಗುವ ತನಕ ಗಾಡಿಯ ಆಚೆ ಬದಿಯಲ್ಲಿ ನಿಲ್ಲುತ್ತಿದ್ದರು.

ಇನ್ನೊಂದು ರಾತ್ರಿ ಕಳೆದು, ರಾಮ್ಸ್ ಕಡೆಯ ಕಡಲತೀರದಲ್ಲಿ ಬೆಳಗಾಯಿತು. ನೀರು ಆಕಾಶದಿಂದ ಬೇರೆಯಾಗಿರಲಿಲ್ಲ. ಒಂದು ದೋಣಿ ಗಾಳಿಯಲ್ಲಿ ತೂಗಹಾಕಿದಂತೆ ನಿಂತಿತ್ತು. ನಾನು ಮಿಂದು, ಒದ್ದೆ ಪಂಚೆಯಲ್ಲಿ ಅರ್ಘ್ಯಕ್ಕೆ ಸಿದ್ಧನಾಗಿದ್ದೆ. ಬೊಳ್ಳು ಕಡಲನ್ನು ನೋಡಿತು, ಓಡಿತು, ಹಾರಿತು. ಹೊರಗೆ ಬಂದು, ತನ್ನ ಸಂತೋಷವನ್ನು ಯಾರಿಗೆ ಹೇಳಲಿ ಎಂದು ಹುಡುಕಿತು.

ಹಸನಬ್ಬನವರು ಲುಂಗಿ ಎತ್ತಿ ಕಟ್ಟಿ, ಆ ಪ್ರಾಯದಲ್ಲಿ ನಾನು ನಂಬದ ವೇಗದಲ್ಲಿ ಪಿಕಪ್ಪಿನ ಟಾಪ್ ಹತ್ತಿದರು. ಉಳಿದವನು ನಾನು. ಬೊಳ್ಳು ನನ್ನ ಕಾಲಿಗೆ ಮೈ ತಿಕ್ಕಿ, ಕೊಡವಿತು. ನಾನು ಪುನಃ ಕಡಲಿಗಿಳಿದು ಮುಳುಗಿ ಬಂದೆ. ಇದೇನೋ ಆಟವೆಂದು ತಿಳಿದು ಅದೂ ನನ್ನ ಹಿಂದೆ ಇಳಿದು, ನನ್ನ ಜೊತೆಯೇ ಮೇಲೆ ಬಂದು, ಪುನಃ ಕೊಡವಿತು. ನಾನು ಪುನಃ ಇಳಿದೆ. ಯಾರು ಯಾರನ್ನು ಶುದ್ಧಮಾಡುತ್ತಿದ್ದಾರೆ ಎಂಬುದೇ ತಿಳಿಯದ ಹಾಗಾಯಿತು.

ಟಾಪಿನ ಮೇಲಿಂದ ಹಸನಬ್ಬನವರು ಸಮಾಧಾನದಲ್ಲಿ ಹೇಳಿದರು:

"ಭಟ್ರೇ, ಒಂದೋ ನೀವು ನಾಯಿಯಾಗಿ, ಇಲ್ಲದಿದ್ದರೆ ಅದು ಭಟ್ರಾಗಲಿ. ಹೀಗಾದರೆ ನಾವು ಗುಡ್ಡ ಹತ್ತುವುದು ಯಾವಾಗ?"

೬. ಮಾಮನ ತೋಟ

ಗುಡ್ಡದ ದಾರಿ ಸುತ್ತಿ ಸುತ್ತಿ ಮೇಲೆ ಹೋಯಿತು. ಹಸಿರಿಲ್ಲ, ಬರೀ ಕಲ್ಲು, ಮಡಚಿಟ್ಟ ಹಳೇ ಕಂಬಳಿಗಳಂತೆ. ತಂಪು ಹೆಚ್ಚುತ್ತ ಹೋದಂತೆ ಬೊಳ್ಳುವಿನ ಕಿವಿ ನಿಮಿರಿತು. ಈ ಸಲ ಏಸಿ ಬೇಕೆನ್ನಲಿಲ್ಲ.

ಮಾಮ ತೆಳ್ಳಗಿನ ಮುದುಕರು, ಎರಡು ಸ್ವೆಟರ್ ಹಾಕಿದ್ದರು. ತೋಟದಲ್ಲಿ ಆಡುಗಳು, ಕುಂಟುವ ಕತ್ತೆ, ಹಾರಲು ಮರೆತ ಒಂದು ಹದ್ದು. ಎಲ್ಲವೂ ಯಾರಾದರೂ ತಂದು ಬಿಟ್ಟವು. ಬೊಳ್ಳುವನ್ನು ಕಂಡು ಅವರು ಏನೂ ಕೇಳಲಿಲ್ಲ, ಒಂದು ಗೋಣಿ ಹಾಸಿದರು. ರವೆ ಉಂಡೆ ತಿಂದು, ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು.

ಬೆಳಗ್ಗೆ ಎದ್ದು ನೋಡಿದರೆ ಕತೆ ನಿಜ. ಬಾಲ್ದಿಯ ನೀರಿನ ಮೇಲೆ ಗಾಜಿನಂಥ ಹಪ್ಪಳ. ಬೊಳ್ಳು ಅದಕ್ಕೆ ಮೂಗು ತಾಗಿಸಿತು, ನೆಕ್ಕಿತು, ಮುಂಗಾಲಿಟ್ಟು ಒಡೆಯಿತು, ಚೂರೊಂದನ್ನು ಕಚ್ಚಿಕೊಂಡು ಅಂಗಳ ಸುತ್ತಿತು. ಕನಸಿನಲ್ಲಿ ಅದು ಓಡುತ್ತಿದ್ದ ಬಯಲು ಒಂದು ಬಾಲ್ದಿಯಷ್ಟಾದರೂ ಸಿಕ್ಕಿತಲ್ಲ ಎಂದು ನನಗೆ ಸಮಾಧಾನವಾಯಿತು. ದೇವರೇ, ಇದು ಇಲ್ಲಿ ಸುಖವಾಗಿರಲಿ ಎಂದು ಕೈ ಮುಗಿದು ಗಾಡಿ ಹತ್ತಿದೆ. ಬೊಳ್ಳು ಹಿಂದೆ ಓಡಿ ಬರಲಿಲ್ಲ. ಗೇಟಿನ ಒಳಗೆ ಕುಳಿತು ನೋಡಿತು, ಅಷ್ಟೇ.

ನಾವಿಬ್ಬರೂ ಗುಡ್ಡ ಇಳಿಯುತ್ತಿದ್ದೆವು. ಅಭ್ಯಾಸಬಲದಿಂದ ಹಸನಬ್ಬನವರು ಏಸಿ ಹಾಕಿದರು; ಆಮೇಲೆ ಆರಿಸಿದರು. ಫೋನು ಬಂತು. ಹೆಂಡತಿ. ನಾವು ಹೇಗಿದ್ದೇವೆಂದು ಕೇಳಲಿಲ್ಲ, ನಾಯಿಯ ಸುದ್ದಿ ಎತ್ತಲಿಲ್ಲ. ಡಬ್ಬ ಎಲ್ಲಿ ಎಂದಳು. ನಾನು ಹಿಂದೆ ತಿರುಗಿ ನೋಡಿದೆ. ಡಬ್ಬ ಮಾಮನ ಅಡುಗೆಮನೆಯಲ್ಲಿ. ತಾಯಿಯ ಹೆಸರಿರುವ ಡಬ್ಬ, ಅದಿಲ್ಲದೆ ಮನೆಗೆ ಬರುವುದು ಬೇಡ ಎಂದಳು.

ಪುನಃ ಹತ್ತಿದೆವು. ಗೇಟಿನಲ್ಲಿ ಮಾಮ ನಿಂತಿದ್ದರು. ಬೊಳ್ಳು ನಾವು ಬಿಟ್ಟ ಜಾಗದಿಂದ ಅಲ್ಲಾಡಿರಲಿಲ್ಲ. ಆಡಿನ ಹಾಲು ಇಟ್ಟರೂ ಮೂಸಿರಲಿಲ್ಲ.

"ಇದು ಉಳಿಯುವ ಹಾಗೆ ಕೂತಿಲ್ಲ ಭಟ್ರೇ, ಕಾಯುವ ಹಾಗೆ ಕೂತಿದೆ. ಮನೆಯಿಂದ ಹೊರಡುವಾಗ ಇದಕ್ಕೆ ಏನು ಹೇಳಿ ಕಳಿಸಿದಿರಿ?" ಎಂದು ಮಾಮ ಕೇಳಿದರು.

ನಾನು ನೆನಪು ಮಾಡಿಕೊಂಡೆ. "ಹೋಗಿ ಬಾ ಅಂದಳು" ಎಂದೆ.

ಮಾಮ ಹಸನಬ್ಬನವರ ಕಡೆ ತಿರುಗಿದರು, ತೀರ್ಪು ಇನ್ನು ಬೇರೆ ಬೇಕೇ ಎನ್ನುವ ಹಾಗೆ.

"ಕೇಳಿದೆಯಾ ಮೋನೇ? ಹೋಗಿ ಆಯ್ತು. ಬರುವುದು ಬಾಕಿ ಉಂಟಲ್ಲ."

೭. ತುಂಬಿದ ಡಬ್ಬ

ಮಾಮ ಈ ತನಕ ವಾಪಸು ಕಳಿಸಿದ ಪ್ರಾಣಿ ಅದೊಂದೇ. ಡಬ್ಬವನ್ನು ಮಾತ್ರ ಅವರು ಖಾಲಿ ಕೊಡಲಿಲ್ಲ. ಕೊಟ್ಟವರ ಪಾತ್ರೆಯನ್ನು ಖಾಲಿ ಕಳಿಸುವ ಕ್ರಮ ನಮ್ಮ ಊರಲ್ಲಿ ಯಾರ ಮನೆಯಲ್ಲೂ ಇಲ್ಲ. ಗುಡ್ಡದ ಮೇಲೆ ಅವರ ಬಳಿ ಬೇರೇನಿತ್ತು? ಬಾಲ್ದಿಯ ಮಂಜುಗಡ್ಡೆಯ ಚೂರುಗಳನ್ನು ಆರಿಸಿ, ಡಬ್ಬ ತುಂಬಿಸಿ, ಮುಚ್ಚಳ ಬಿಗಿದು ಕೊಟ್ಟರು. ನಾನು ಅದನ್ನು ಬನಿಯಾಸ್ ತನಕ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಒಳಗೆ ಚೂರುಗಳ ಸದ್ದು ಮೆಲ್ಲಗಾಗುತ್ತ ಆಗುತ್ತ, ದುಬೈ ದಾಟುವಾಗ ಬರೀ ನೀರಿನ ಸದ್ದಾಯಿತು.

ದಾರಿಯಲ್ಲಿ ಒಂದೇ ಯೋಚನೆ. ಇವಳಿಗೆ ಏನು ಹೇಳುವುದು? ಹೊಸ್ತಿಲು ಇದ್ದಲ್ಲೇ ಇದೆ, ಬೇಸಗೆ ಬರುವುದು ಬಂದೇ ಬರುತ್ತದೆ.

ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ, ಏಸಿಯ ಗಾಳಿ ನೇರ ಬೀಳುವ ಕಡೆ, ಅವಳ ಹಳೇ ನೂಲಿನ ಸೀರೆ ನಾಲ್ಕು ಮಡಿಕೆಯಾಗಿ ಹಾಸಿತ್ತು. ಮೊಸರನ್ನದ ಬಟ್ಟಲು ಹೊಸ್ತಿಲಿನ ಒಳಗೆ ಬಂದಿತ್ತು. ನಾನು ಅವಳ ಮುಖ ನೋಡಿದೆ.

"ಡಬ್ಬ ಅನ್ನದಿದ್ದರೆ ನೀವಿಬ್ಬರೂ ತಿರುಗಿ ಹತ್ತುವವರೇ? ನಾಯಿ ತನ್ನಿ ಅನ್ನಲಿಕ್ಕೆ ನನ್ನ ಬಾಯಿಗೆ ಬರಬೇಕಲ್ಲ" ಎಂದಳು.

ಆದರೆ ಕ್ರಮ ಕ್ರಮವೇ. ಒಳಗೆ ಬರುವ ಮೊದಲು ಶುದ್ಧವಾಗಬೇಕು. ಉತ್ತರದ ಬೆಟ್ಟದ ನೀರು, ಇದಕ್ಕಿಂತ ದೊಡ್ಡ ತೀರ್ಥ ಯಾವುದು ಎಂದು ಅವಳು ಡಬ್ಬದ ಮುಚ್ಚಳ ತೆಗೆದಳು. ದೇವರ ಹೆಸರು ಹೇಳಿ, ಪ್ರೋಕ್ಷಣೆ ಮಾಡುವವಳು, ಏನೋ ಉಕ್ಕಿ ಬಂದು, ಡಬ್ಬವನ್ನೇ ಬೊಳ್ಳುವಿನ ನೆತ್ತಿಗೆ ಸುರಿದುಬಿಟ್ಟಳು.

ಗುಡ್ಡದ ತಂಪು ಮೈಗೆ ತಾಗಿದ್ದೇ ತಡ, ಬೊಳ್ಳು ಮೂಗಿನಿಂದ ಬಾಲದ ತನಕ ಒಂದು ಸಲ ಕೊಡವಿತು. ಗೋಡೆಗೆ, ಕ್ಯಾಲೆಂಡರಿಗೆ, ನನಗೆ, ಅವಳಿಗೆ, ಮತ್ತು ಚಾಪೆ ಇಳಿಸಿ ಹೋಗೋಣವೆಂದು ಬಾಗಿಲಲ್ಲಿ ನಿಂತಿದ್ದ ಹಸನಬ್ಬನವರಿಗೆ ತಲೆಯಿಂದ ಕಾಲಿನ ತನಕ. ಕಡಲನ್ನು, ಮಂಜನ್ನು, ಬಾಲ್ದಿಗಳನ್ನು ದಾಟಿ ಒಣಗಿಯೇ ಉಳಿದಿದ್ದವರು ನಮ್ಮ ಹೊಸ್ತಿಲಿನಲ್ಲಿ ಸಿಕ್ಕಿಬಿದ್ದರು.

ಅವರು ತೊಟ್ಟಿಕ್ಕುತ್ತ ನಿಂತರು. ಆಮೇಲೆ ಮೆಲ್ಲಗೆ, ಅಕ್ಕಾ, ಸ್ವಲ್ಪ ಮಣ್ಣು ಬೇಕಿತ್ತಲ್ಲ ಎಂದರು. ಅಂಗಳವೆಲ್ಲ ಇಂಟರ್‌ಲಾಕ್. ಹೊರಗಿನ ಮರಳಿನಲ್ಲಿ ಬೀದಿಬೆಕ್ಕುಗಳ ಕಾರುಬಾರು. ನನ್ನ ಹೆಂಡತಿ ತುಳಸಿಯ ಕುಂಡದ ಬಳಿ ಹೋಗಿ, ಕೈ ಮುಗಿದು, ಬುಡದಿಂದ ಒಂದು ಮುಷ್ಟಿ ಕೆಂಪುಮಣ್ಣು ತಂದು ಅವರ ಕೈಗೆ ಹಾಕಿದಳು.

ಹಸನಬ್ಬನವರು ಅದನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಈ ದೇಶದ್ದಲ್ಲ ಎಂದು ಅವರಿಗೆ ಗೊತ್ತಾಯಿತು.

"ಊರಿನದ್ದಾ ಅಕ್ಕಾ?"

"ನನ್ನ ತಾಯಿಮನೆಯದ್ದು. ಬರುವಾಗ ಪೊಟ್ಟಣ ಕಟ್ಟಿ ತಂದದ್ದು."

ಅವರು ಮುಷ್ಟಿಯಲ್ಲಿದ್ದುದರಲ್ಲಿ ಒಂದು ಚಿಟಿಕೆ ಇಟ್ಟುಕೊಂಡು, ಉಳಿದದ್ದನ್ನು ಜೋಪಾನವಾಗಿ ಅವಳ ಕೈಗೇ ವಾಪಸು ಹಾಕಿದರು.

"ಇಷ್ಟು ಸಾಕು. ಊರಿನ ಮಣ್ಣು, ನಾಯಿಗೆಂದು ಖರ್ಚು ಮಾಡಲಿಕ್ಕೆ ಮನಸ್ಸು ಬರುವುದಿಲ್ಲ. ಇನ್ನು ಇವನು ಇಲ್ಲೇ ಇರುವವನಲ್ಲವಾ, ನನಗೆ ಆಗಾಗ ಬೇಕಾಗುತ್ತದೆ."

ಒಳಗೆ ಬೊಳ್ಳು ಸೀರೆಯ ಮೇಲೆ ಮಲಗಿ, ಏಸಿಗೆ ಮೂಗು ಕೊಟ್ಟು, ಆಗಲೇ ಕಾಲಾಡಿಸುತ್ತಿತ್ತು.

ಇದನ್ನು ನೀವೂ ಯಾರಿಗಾದರೂ ಹೇಳಿ. ಆದರೆ ಕೇಳಿದಷ್ಟನ್ನೇ ಹೇಳಬೇಡಿ, ನಿಮ್ಮ ಕಡೆಯಿಂದ ಒಂದು ಚಿಟಿಕೆ ಹಾಕಿ ದಾಟಿಸಿ. ಕೊಟ್ಟವರ ಪಾತ್ರೆಯನ್ನು ಖಾಲಿ ಕಳಿಸುವ ಕ್ರಮ ನಮ್ಮಲ್ಲಿಲ್ಲ.